ಕೂಸಿಗೆ ಊಟದ ಕುರ್ಚಿ ಯಾವುದು?

ಮನೆಗೆ ತರುವ ಸಾಮಾನುಗಳಲ್ಲಿ ಕೆಲವನ್ನು ನಾವು ಅವಶ್ಯಕತೆಯಿಂದ ಕೊಳ್ಳುವೆವು. ಕೆಲವನ್ನು ನೆರೆಮನೆಯವರು ಕೊಂಡರೆಂಬ ಕಾರಣದಿಂದ ಕೊಳ್ಳುವೆವು. ಕೂಸಿನ ಊಟದ ಕುರ್ಚಿಯು ಈ ಎರಡು ಬಗೆಗೂ ಸೇರುವ ವಸ್ತು. ಸರಿಯಾಗಿ ಆರಿಸಿದುದಾದರೆ ಅದು ತಾಯಿಯ ತೋಳಿಗೆ ವಿಶ್ರಾಂತಿಯನ್ನೂ, ಶಿಶುವಿನ ಮೈಗೆ ಆಸರೆಯನ್ನೂ, ಮನೆಮಂದಿಗೆಲ್ಲ ಒಟ್ಟಾಗಿ ಉಣ್ಣುವ ಸಂತೋಷವನ್ನೂ ಕೊಡುವುದು. ವಿಚಾರಿಸದೆ ತಂದುದಾದರೆ ಅಟ್ಟದ ಮೇಲೆ ಧೂಳು ಹಿಡಿದು ಕೂತಿರುವುದು. ಅಷ್ಟೇ ಆದರೆ ಹಣ ಹೋಯಿತೆಂದು ಸುಮ್ಮನಾಗಬಹುದು. ಕೂಸನ್ನು ಕೆಡವಿತೆಂದರೆ ಆ ನಷ್ಟಕ್ಕೆ ಲೆಕ್ಕವಿಲ್ಲ. ಆದುದರಿಂದ ಈ ಸಣ್ಣ ವಿಷಯವನ್ನು ಸ್ವಲ್ಪ ದೊಡ್ಡದಾಗಿಯೇ ವಿಚಾರಿಸಬೇಕೆಂದು ನಮ್ಮ ಅಭಿಪ್ರಾಯ.

ಪಟ್ಟಣದ ಗೃಹಸ್ಥರಿಗೆ ಅಂಗಡಿ ಹತ್ತಿರ. ನಾವು ಇಲ್ಲಿ ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡಿರುವುದು ಪುಣಜನೂರಿನಂತಹ ಊರಿನ ಸಂಸಾರಗಳನ್ನು. ಚಾಮರಾಜನಗರದಿಂದ ಸತ್ಯಮಂಗಲದತ್ತ ಹೋಗುವ ಹೆದ್ದಾರಿಯಲ್ಲಿ, ಕರ್ನಾಟಕದ ಗಡಿ ಮುಗಿಯುವುದಕ್ಕೆ ಮುನ್ನ ಸಿಗುವ ಈ ಊರನ್ನು ಆ ಹಾದಿಯ ಬಸ್ಸುಗಳಲ್ಲಿ ಓಡಾಡಿದವರೆಲ್ಲರೂ ಬಲ್ಲರು. ಅರಣ್ಯ ಇಲಾಖೆಯ ತನಿಖಾ ಠಾಣೆ, ಸುತ್ತಲೂ ಬಿಳಿಗಿರಿರಂಗನ ಬೆಟ್ಟದ ಸೀಮೆಯ ಕಾಡು, ಕಾಡಿನ ಅಂಚಿನಲ್ಲಿ ಸೋಲಿಗರ ಪೋಡುಗಳು, ಇವು ಅದರ ಗುರುತು. ಇಲ್ಲಿ ದೊಡ್ಡ ಅಂಗಡಿಯೂ ದೂರ, ದೊಡ್ಡ ಆಸ್ಪತ್ರೆಯೂ ದೂರ. ಆದರೆ ಮರಗೆಲಸ ಬಲ್ಲ ಆಚಾರಿಗಳೂ ಬಿದಿರು ಹೆಣೆಯಬಲ್ಲ ಮೇದರೂ ಈ ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಮೊಬೈಲಿನಲ್ಲಿ ಚಿತ್ರ ನೋಡಿ ತರಿಸುವ ಕುರ್ಚಿಗೂ, ಕೂಸನ್ನು ಎದುರಿಗೆ ಕೂರಿಸಿಕೊಂಡು ಅಳತೆ ಕೊಟ್ಟು ಮಾಡಿಸುವ ಕುರ್ಚಿಗೂ ಇರುವ ಅಂತರವನ್ನು ಇಂತಹ ಊರಿನವರು ಸುಲಭವಾಗಿ ತಿಳಿಯಬಲ್ಲರು.

ಕುರ್ಚಿಗೆ ಮುನ್ನ ಕೂಸು

ಕುರ್ಚಿಯನ್ನು ಯಾವಾಗ ತರಬೇಕು? ಅನ್ನಪ್ರಾಶನವಾದ ಮರುದಿನವೇ ತರಬೇಕೆಂಬ ನಿಯಮವೇನೂ ಇಲ್ಲ. ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕು, ಆ ಬಳಿಕ ಎದೆಹಾಲಿನ ಜತೆಗೆ ಬೇರೆ ಆಹಾರವನ್ನು ತೊಡಗಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಹಿರಿಯರು ಆರನೆಯ ತಿಂಗಳಿನಲ್ಲಿ ಅನ್ನಪ್ರಾಶನವನ್ನು ಮಾಡುತ್ತಿದ್ದ ವಾಡಿಕೆಯೂ ಇದಕ್ಕೆ ಹೊಂದಿಕೊಂಡೇ ಇದೆ. ಆದರೆ ಉಣ್ಣುವ ವಯಸ್ಸು ಬಂದಿತೆಂದ ಮಾತ್ರಕ್ಕೆ ಕುರ್ಚಿಯಲ್ಲಿ ಕೂರುವ ಶಕ್ತಿಯೂ ಬಂದಿತೆಂದು ತಿಳಿಯಬಾರದು.

ಅದೇ ಸಂಸ್ಥೆಯು ಭಾರತ, ಘಾನಾ, ನಾರ್ವೆ, ಓಮನ್, ಅಮೆರಿಕ ಈ ಐದು ದೇಶಗಳ ಆರೋಗ್ಯವಂತ ಶಿಶುಗಳ ಬೆಳವಣಿಗೆಯನ್ನು ನೋಡಿ ೨೦೦೬ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿತು. ಅದರಂತೆ, ಆಸರೆಯಿಲ್ಲದೆ ಕುಳಿತುಕೊಳ್ಳುವ ಶಕ್ತಿಯು ಕೆಲವು ಶಿಶುಗಳಿಗೆ ನಾಲ್ಕನೆಯ ತಿಂಗಳಿನ ಸುಮಾರಿಗೇ ಬರುವುದು. ಕೆಲವಕ್ಕೆ ಒಂಬತ್ತು ತಿಂಗಳು ದಾಟುವುದು. ಹೆಚ್ಚು ಕಡಮೆ ಅರ್ಧದಷ್ಟು ಶಿಶುಗಳಿಗೆ ಆರು ತಿಂಗಳಿನ ಹೊತ್ತಿಗೆ ಬಂದಿರುವುದು. ಆದುದರಿಂದ ಪಕ್ಕದ ಮನೆಯ ಕೂಸು ಕೂರುತ್ತದೆ, ನಮ್ಮದು ಕೂರಲಿಲ್ಲವೆಂದು ಕಳವಳಪಡಬೇಕಾದುದಿಲ್ಲ. ಒಂಬತ್ತು ತಿಂಗಳು ಕಳೆದರೂ ಕೂರದಿದ್ದರೆ ವೈದ್ಯರಿಗೆ ತೋರಿಸಿದರಾಯಿತು. ಪರೀಕ್ಷೆ ಬಹು ಸುಲಭ. ಚಾಪೆಯ ಮೇಲೆ ಕೂರಿಸಿ ಕೈ ಬಿಟ್ಟಾಗ ಕತ್ತು ನೆಟ್ಟಗೆ ನಿಲ್ಲಬೇಕು, ಸೊಂಟ ಕುಸಿಯಬಾರದು, ಎದುರಿಗಿಟ್ಟ ಬಟ್ಟಲಿಗೆ ಕೈ ಚಾಚಿದಾಗ ಮೈ ಪಕ್ಕಕ್ಕೆ ಉರುಳಬಾರದು. ಈ ಮೂರೂ ಬಂದವೆಂದರೆ ಕುರ್ಚಿಯ ಕಾಲ ಬಂದಿತು. ಅದಕ್ಕೆ ಮೊದಲು ದಿಂಬು ತುರುಕಿ ಕೂರಿಸುವುದು ಬೇಡ.

ತೊಡೆಯ ಮಾತು

ಇಲ್ಲಿ ಮನೆಯ ಅಜ್ಜಿಯ ಮಾತನ್ನು ಕೇಳದೆ ಮುಂದಕ್ಕೆ ಹೋಗುವುದು ಮರ್ಯಾದೆಯಲ್ಲ. "ಕೂಸಿಗೆ ಕುರ್ಚಿ ಯಾಕವ್ವಾ, ನನ್ ತೊಡೆ ಇಲ್ವಾ?" ಎಂದು ಆಕೆ ಸೊಸೆಯನ್ನು ಕೇಳುವುದುಂಟು. ಆ ಪ್ರಶ್ನೆಯಲ್ಲಿ ನ್ಯಾಯವಿದೆ. ತೊಡೆಗಿಂತ ಒಳ್ಳೆಯ ಕುರ್ಚಿಯನ್ನು ಯಾವ ಬಡಗಿಯೂ ಮಾಡಿಲ್ಲ. ಅದು ಬೆಚ್ಚಗಿರುವುದು, ಕೂಸಿನ ಚಲನೆಗೆ ಒಡನೆಯೇ ಎಚ್ಚರಗೊಳ್ಳುವುದು, ಮಾತನಾಡುವುದು. ಬೆನ್ನಿಗೆ ಎದೆಯ ಆಸರೆ ಕೊಟ್ಟು ನೆಟ್ಟಗೆ ಕೂರಿಸಿಕೊಂಡು ಉಣ್ಣಿಸುವ ಅಜ್ಜಿಯಿರುವ ಮನೆಯವರು ಕುರ್ಚಿಗಾಗಿ ಸಾಲ ಮಾಡಬೇಕಾದುದಿಲ್ಲ.

ಆದರೆ ನಮ್ಮಲ್ಲಿ ಇನ್ನೊಂದು ಪದ್ಧತಿಯೂ ಉಂಟು. ಕಾಲುಗಳನ್ನು ನೀಡಿಕೊಂಡು, ಅವುಗಳ ಮೇಲೆ ಕೂಸನ್ನು ಅಂಗಾತ ಮಲಗಿಸಿ, ಒಳಲೆಯಿಂದ ಬಾಯಿಗೆ ಹೊಯ್ಯುವ ಪದ್ಧತಿ. ಅಳುತ್ತಿರುವ ಕೂಸಿನ ಬಾಯಿಗೆ ಗಂಜಿಯನ್ನೋ ಹರಳೆಣ್ಣೆಯನ್ನೋ ಹೀಗೆ ಸುರಿದರೆ ಅದು ಅನ್ನನಾಳಕ್ಕೆ ಹೋಗದೆ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಪುಪ್ಪುಸದಲ್ಲಿ ಸೇರಿದ ಎಣ್ಣೆಯಿಂದಲೂ ಆಹಾರದಿಂದಲೂ ಹುಟ್ಟುವ ಕಾಯಿಲೆ ಬಹಳ ಕಠಿಣವಾದುದು. ಮಲಗಿದ ಕೂಸಿಗೆ ಬೇಡವೆಂದು ತಲೆ ತಿರುಗಿಸಲೂ ಅವಕಾಶ ಸಾಲದು. ಕುರ್ಚಿಯಿಂದ ಆಗುವ ಮುಖ್ಯ ಉಪಕಾರವೇ ಇದು. ಅದು ಕೂಸನ್ನು ನೆಟ್ಟಗೆ ಕೂರಿಸುವುದು, ಎರಡೂ ಕೈಗಳನ್ನು ಬಿಡುಗಡೆ ಮಾಡುವುದು, "ಸಾಕು" ಎಂದು ಮುಖ ತಿರುಗಿಸುವ ಹಕ್ಕನ್ನು ಅದಕ್ಕೆ ಕೊಡುವುದು. ಕುರ್ಚಿಯನ್ನು ಕೊಳ್ಳಲಿ ಬಿಡಲಿ, ನೆಟ್ಟಗೆ ಕೂರಿಸಿ ಉಣ್ಣಿಸುವ ನಿಯಮವನ್ನು ಮಾತ್ರ ಯಾರೂ ಬಿಡತಕ್ಕದ್ದಲ್ಲ.

ಎತ್ತರವೋ ಗಿಡ್ಡವೋ?

ಅಂಗಡಿಯವರು ಹೈಚೇರ್ ಎಂದು ಕರೆಯುವ ಎತ್ತರದ ಕುರ್ಚಿಯು ಮೇಜಿನ ಮೇಲೆ ಉಣ್ಣುವ ದೇಶಗಳಲ್ಲಿ ಹುಟ್ಟಿದುದು. ಹಿರಿಯರು ಮೇಜಿನ ಬಳಿ ಕೂರುವರು, ಕೂಸಿನ ಮುಖವು ಅವರ ಮುಖದ ಮಟ್ಟಕ್ಕೆ ಬರಬೇಕು, ಅದಕ್ಕಾಗಿ ಎತ್ತರ. ಮೇಜಿರುವ ಮನೆಗೆ ಇದು ತಕ್ಕುದೇ ಸರಿ. ಆದರೆ ಚಾಪೆಯ ಮೇಲೋ ಮಣೆಯ ಮೇಲೋ ಕುಳಿತು ನೆಲದಲ್ಲಿ ಉಣ್ಣುವ ಮನೆಗೆ ಎತ್ತರದ ಕುರ್ಚಿಯನ್ನು ತಂದರೆ ಆಗುವುದೇನು? ಮನೆಯವರೆಲ್ಲ ಕೆಳಗೆ, ಕೂಸೊಂದು ಮೇಲೆ. ತಾಯಿ ನಿಂತುಕೊಂಡು ಉಣ್ಣಿಸಬೇಕು. ಅವಳ ಊಟ ಎಂದಿನಂತೆ ಕಡೆಯ ಸರದಿಗೆ ಬೀಳುವುದು. ಕುರ್ಚಿಯ ಉದ್ದೇಶವೇ ಕೆಟ್ಟಿತು.

ಎತ್ತರದ ಇನ್ನೊಂದು ದೋಷವು ಇದಕ್ಕಿಂತ ದೊಡ್ಡದು. ಅಮೆರಿಕದ ಆಸ್ಪತ್ರೆಗಳ ಲೆಕ್ಕವನ್ನು ಪರೀಕ್ಷಿಸಿ ೨೦೧೩ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ೨೦೦೩ರಿಂದ ೨೦೧೦ರವರೆಗೆ ಆ ದೇಶದಲ್ಲಿ ಮೂರು ವರ್ಷದೊಳಗಿನ ಮಕ್ಕಳು ವರ್ಷಕ್ಕೆ ಸರಾಸರಿ ೯,೪೦೦ಕ್ಕೂ ಹೆಚ್ಚು ಮಂದಿ ಈ ಬಗೆಯ ಕುರ್ಚಿಗಳ ದೆಸೆಯಿಂದ ಪೆಟ್ಟಾಗಿ ತುರ್ತು ಚಿಕಿತ್ಸೆಗೆ ಬಂದರು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪೆಟ್ಟುಗಳಿಗೆ ಕಾರಣ ಬೀಳುವಿಕೆ. ಬೀಳುವ ಮುನ್ನ ಮಗು ಮಾಡುತ್ತಿದ್ದುದೇನೆಂದು ತಿಳಿದ ಪ್ರಸಂಗಗಳಲ್ಲಿ ಬಹುಪಾಲು, ಅದು ಕುರ್ಚಿಯಲ್ಲಿ ಎದ್ದು ನಿಂತಿತ್ತು ಅಥವಾ ಹತ್ತುತ್ತಿತ್ತು. ಶಿಶುವಿನ ತಲೆಯು ಮೈಗೆ ಹೋಲಿಸಿದರೆ ಭಾರ. ಬೀಳುವಾಗ ತಲೆಯೇ ಮೊದಲು ನೆಲಕ್ಕೆ ತಗಲುವುದು. ಎದೆಯೆತ್ತರದಿಂದ ಸಿಮೆಂಟಿನ ನೆಲಕ್ಕೆ ಬೀಳುವುದಕ್ಕೂ, ಒಂದು ಗೇಣಿನ ಎತ್ತರದಿಂದ ಚಾಪೆಗೆ ಉರುಳುವುದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಬೇಕಾದುದಿಲ್ಲ.

ಆದುದರಿಂದ ನಮ್ಮ ಮೊದಲನೆಯ ಸೂತ್ರವಿದು: ಹಿರಿಯರು ಎಲ್ಲಿ ಉಣ್ಣುವರೋ ಆ ಮಟ್ಟಕ್ಕೆ ಕೂಸಿನ ಕುರ್ಚಿ. ನೆಲದ ಮೇಲೆ ಉಣ್ಣುವ ಮನೆಗೆ ಗಿಡ್ಡ ಕುರ್ಚಿ. ಒರಗು, ತೋಳು, ಮುಂದೊಂದು ತಟ್ಟೆಹಲಗೆ ಸೇರಿಸಿದ ಮಣೆಯೆಂದೇ ಅದನ್ನು ಭಾವಿಸಬಹುದು. ಮೇಜಿರುವ ಮನೆಗೆ ಎತ್ತರದ ಕುರ್ಚಿ. ಮೇಜಿನ ಅಂಚಿಗೆ ಕೊಕ್ಕೆಯಂತೆ ತಗಲಿಸುವ ಬಟ್ಟೆಯ ಪೀಠಗಳೂ ಈಗ ದೊರೆಯುತ್ತವೆ. ಹಗುರವಾದ ಮೇಜಿಗೂ ಗಾಜಿನ ಮೇಜಿಗೂ ಅವು ಸಲ್ಲವು.

ಅಳತೆ

ಸಿದ್ಧಪಡಿಸಿದ ಕುರ್ಚಿಗೆ ಕೂಸನ್ನು ಹೊಂದಿಸುವುದಕ್ಕಿಂತ ಕೂಸಿಗೆ ಕುರ್ಚಿಯನ್ನು ಹೊಂದಿಸುವುದು ಮೇಲು. ನಾರ್ವೆ ದೇಶದ ಪೀಟರ್ ಓಪ್ಸ್ವಿಕ್ ಎಂಬ ವಿನ್ಯಾಸಕಾರನು ೧೯೭೨ರಲ್ಲಿ ಟ್ರಿಪ್ ಟ್ರಾಪ್ ಎಂಬ ಮರದ ಕುರ್ಚಿಯನ್ನು ರೂಪಿಸಿದನು. ಕೂರುವ ಹಲಗೆಯನ್ನೂ ಕಾಲಿಡುವ ಹಲಗೆಯನ್ನೂ ಮಗು ಬೆಳೆದಂತೆ ಕೆಳಕ್ಕೆ ಇಳಿಸುತ್ತ ಹೋಗಬಹುದಾದುದೇ ಅದರ ವಿಶೇಷ. ಆ ಕುರ್ಚಿಯ ಬೆಲೆಯನ್ನು ಕೊಡಲು ನಮ್ಮಲ್ಲಿ ಅನೇಕರಿಗೆ ಸಾಧ್ಯವಾಗದು. ಆದರೆ ಅದರ ತತ್ತ್ವಕ್ಕೆ ಬೆಲೆಯಿಲ್ಲ, ಊರ ಆಚಾರಿಯೂ ಅದನ್ನು ಅನುಸರಿಸಬಹುದು.

ಒಂದು ನೂಲನ್ನು ತೆಗೆದುಕೊಂಡು ಕೂಸು ಕುಳಿತಿರುವಾಗ ನಾಲ್ಕು ಅಳತೆಗಳನ್ನು ಹಿಡಿಯಬೇಕು. ಮೊದಲನೆಯದು ಮಂಡಿಯ ಹಿಂಭಾಗದಿಂದ ಹಿಮ್ಮಡಿಯವರೆಗೆ. ಕೂರುವ ಹಲಗೆಗೂ ಕಾಲಿಡುವ ಹಲಗೆಗೂ ಇರಬೇಕಾದ ಅಂತರ ಇದೇ. ಕಾಲುಗಳು ಗಾಳಿಯಲ್ಲಿ ತೂಗಾಡುತ್ತಿದ್ದರೆ ಕೂಸು ಬೇಗ ದಣಿದು ಪಕ್ಕಕ್ಕೆ ಜಾರುವುದು. ಪಾದಕ್ಕೆ ಆಸರೆ ಸಿಕ್ಕಿದರೆ ಮೈ ನೆಟ್ಟಗಿರುವುದು. ಎರಡನೆಯದು ಬೆನ್ನಿನಿಂದ ಮಂಡಿಯ ಹಿಂಭಾಗದವರೆಗೆ. ಪೀಠದ ಆಳವು ಇದಕ್ಕಿಂತ ಎರಡು ಬೆರಳು ಕಡಮೆಯಿರಬೇಕು. ಮೂರನೆಯದು ಸೊಂಟದ ಅಗಲ. ಇದಕ್ಕೆ ಎರಡೂ ಕಡೆ ಎರಡೆರಡು ಬೆರಳು ಸೇರಿಸಿದರೆ ಪೀಠದ ಅಗಲ. ನಾಲ್ಕನೆಯದು ಪೀಠದಿಂದ ಮೊಳಕೈಯವರೆಗೆ; ತಟ್ಟೆಹಲಗೆಯು ಈ ಮಟ್ಟಕ್ಕೆ ಬರಬೇಕು. ತಟ್ಟೆಯು ಗಲ್ಲದ ಹತ್ತಿರಕ್ಕೆ ಬಂದರೆ ಕೂಸಿಗೆ ತನ್ನ ಊಟವೇ ಕಾಣಿಸದು.

ಕೂಸು ಬೆಳೆಯುವುದಷ್ಟೆ? ಆದುದರಿಂದ ಕುರ್ಚಿಯನ್ನು ಎರಡೂವರೆ ಮೂರು ವರ್ಷದ ಮಗುವಿನ ಅಳತೆಗೆ ಮಾಡಿಸಿ, ಮೊದಲ ದಿನಗಳಲ್ಲಿ ಕಾಲ ಕೆಳಗೆ ಕದಲದ ಒಂದು ಹಲಗೆಯನ್ನೂ ಬೆನ್ನ ಹಿಂದೆ ಗಟ್ಟಿಯಾಗಿ ಮಡಿಸಿ ಕಟ್ಟಿದ ಬಟ್ಟೆಯನ್ನೂ ಇಡಬಹುದು. ಮಗು ಬೆಳೆದಂತೆ ಅವನ್ನು ತೆಗೆದರಾಯಿತು. ಹೀಗೆ ಮಾಡಿಸಿದ ಕುರ್ಚಿಯು ಎರಡು ವರ್ಷ ಉಪಯೋಗಕ್ಕೆ ಬಂದು, ಮುಂದಿನ ಕೂಸಿಗೂ ಉಳಿಯುವುದು.

ಇನ್ನು ಆಚಾರಿಗೆ ಹೇಳಬೇಕಾದ ಮೂರು ಮಾತುಗಳಿವೆ. ಕುರ್ಚಿಯ ನಾಲ್ಕು ಕಾಲುಗಳು ನೇರವಾಗಿ ಇಳಿಯದೆ ಹೊರಕ್ಕೆ ಚಾಚಿಕೊಂಡಿರಬೇಕು. ತಳವು ಪೀಠಕ್ಕಿಂತ ಅಗಲವಾದಷ್ಟೂ ಮಗುಚುವ ಭಯ ಕಡಮೆ. ಪೀಠದ ಮುಂಭಾಗದ ನಡುವೆ, ಎರಡು ತೊಡೆಗಳ ಮಧ್ಯಕ್ಕೆ ಬರುವಂತೆ, ಉರುಟಾದ ಒಂದು ಗೂಟವನ್ನು ನಿಲ್ಲಿಸಬೇಕು. ಇದಿಲ್ಲದಿದ್ದರೆ ಕೂಸು ತಟ್ಟೆಯ ಕೆಳಗೆ ಜಾರುವುದು. ಮೈ ಜಾರಿ ತಲೆ ಮಾತ್ರ ಸಿಕ್ಕಿಕೊಂಡು ಕತ್ತು ಅಮುಕಿದ ಪ್ರಸಂಗಗಳು ಬೇರೆ ದೇಶಗಳಲ್ಲಿ ನಡೆದಿವೆ. ಕಡೆಯದಾಗಿ, ಎಲ್ಲಿಯೂ ಕೂಸಿನ ಬೆರಳು ತೂರಿ ಸಿಕ್ಕಿಬೀಳುವಂತಹ ಸಂದು ಇರಬಾರದು. ಸೊಂಟಕ್ಕೂ ತೊಡೆಸಂದಿಗೂ ಕಟ್ಟುವ ಪಟ್ಟಿಯೊಂದು ಇರಲೇಬೇಕು. ಅದು ಕೂಸಿನ ಕೈಗೆ ಬಿಚ್ಚಬಾರದು, ಹಿರಿಯರ ಕೈಗೆ ಒಂದೇ ಎಳೆತಕ್ಕೆ ಬಿಚ್ಚಬೇಕು. ತಟ್ಟೆಹಲಗೆಯೇ ಕೂಸನ್ನು ಹಿಡಿದಿರುವುದೆಂದು ನಂಬಿ ಪಟ್ಟಿಯನ್ನು ಬಿಡುವುದು ಸರ್ವಥಾ ಕೂಡದು.

ಮರ, ಬಿದಿರು, ಲಂಟಾನ, ಪ್ಲಾಸ್ಟಿಕ್

ಮರದಲ್ಲಿ ಮಾಡಿಸುವವರು ಹಲಸು, ತೇಗ ಇವುಗಳಲ್ಲಿ ದೊರೆತುದನ್ನು ಆರಿಸಬಹುದು. ಕಾಫಿತೋಟಗಳ ಸಿಲ್ವರ್ ಓಕ್ ಹಗುರವಾಗಿಯೂ ಅಗ್ಗವಾಗಿಯೂ ಇರುವುದು. ಬೇವಿಗೆ ಹುಳು ಬೇಗ ಹಿಡಿಯದೆಂಬುದು ನಿಜ; ಆದರೆ ಕೈಗೆ ಸಿಕ್ಕಿದುದನ್ನೆಲ್ಲ ನೆಕ್ಕುವ ಕೂಸಿಗೆ ಅದರ ಕಹಿಯು ರುಚಿಸದು. ಯಾವ ಮರವಾದರೂ ಚೆನ್ನಾಗಿ ಆರಿದುದಾಗಿರಬೇಕು. ಹಸಿಮರದಲ್ಲಿ ಮಾಡಿದ ಕುರ್ಚಿಯು ಒಣಗಿದಂತೆ ಕುಗ್ಗಿ, ಕೀಲುಗಳು ಸಡಿಲವಾಗಿ, ಒಂದು ಬೇಸಗೆ ಕಳೆಯುವಷ್ಟರಲ್ಲಿ ಅಲುಗಾಡತೊಡಗುವುದು. ಬರಿಯ ಮೊಳೆ ಹೊಡೆದುದಕ್ಕಿಂತ ಮರಕ್ಕೆ ಮರವನ್ನು ಕೊರೆದು ಕೂಡಿಸಿ ಬೆಣೆ ಹೊಡೆದುದು ಬಾಳಿಕೆ ಬರುವುದು. ಮೊಳೆಯ ತಲೆ ಎಲ್ಲಿಯೂ ಮೇಲೆ ಕಾಣಿಸಬಾರದು. ಎಲ್ಲ ಅಂಚುಗಳನ್ನೂ ಉರುಟು ಮಾಡಿ ಉಪ್ಪುಕಾಗದದಿಂದ ಉಜ್ಜಿಸಬೇಕು.

ಬಿದಿರಿನ ಕುರ್ಚಿ ಹಗುರ, ತಂಪು, ಅಗ್ಗ. ತೊಟ್ಟಿಲನ್ನೂ ಮೊರವನ್ನೂ ಹೆಣೆಯುವ ಮೇದರ ಕೈಗೆ ಇದು ಕಷ್ಟದ ಕೆಲಸವಲ್ಲ. ಅದರ ದೋಷಗಳು ಎರಡು: ಸಿಬಿರು ಏಳುವುದು ಮತ್ತು ಹುಳು ಹಿಡಿಯುವುದು. ಬಿದಿರಿನೊಳಗಿನ ಪಿಷ್ಟಕ್ಕೆ ಆಸೆಪಟ್ಟು ಸಣ್ಣ ಹುಳುಗಳು ಕೊರೆಯುವುವು. ಕುರ್ಚಿಯ ಕೆಳಗೆ ಹಿಟ್ಟಿನಂತಹ ಪುಡಿ ಉದುರಿದ್ದರೆ ಒಳಗೆ ಟೊಳ್ಳಾಗುತ್ತಿದೆಯೆಂದು ತಿಳಿಯತಕ್ಕದ್ದು. ವಾರಕ್ಕೊಮ್ಮೆ ಕೈಯಾಡಿಸಿ ನೋಡಿ, ಸಿಬಿರು ಕಂಡಲ್ಲಿ ಹೆರೆದುಬಿಡಬೇಕು. ಇನ್ನೊಂದು ವಿಷಯ: ಬಿಳಿಗಿರಿರಂಗನ ಬೆಟ್ಟದ ಅರಣ್ಯವು ೨೦೧೧ರಿಂದ ಹುಲಿ ಸಂರಕ್ಷಿತ ಪ್ರದೇಶ. ಪುಣಜನೂರಿನ ವಲಯವೂ ಅದರೊಳಗಿನದೇ. ಕಣ್ಣೆದುರಿಗಿದೆಯೆಂದು ಬಿದಿರನ್ನು ಕಡಿದು ತರುವ ಹಾಗಿಲ್ಲ. ಹೊಲದ ಬದುವಿನಲ್ಲಿ ಬೆಳೆದುದನ್ನೋ ಅಂಗಡಿಯಲ್ಲಿ ಕೊಂಡುದನ್ನೋ ಉಪಯೋಗಿಸಬೇಕು.

ಲಂಟಾನದ ಮಾತು ಸ್ವಲ್ಪ ಬೇರೆ. ಹೂವಿನ ಅಂದಕ್ಕಾಗಿ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಹೊರದೇಶದಿಂದ ಭಾರತಕ್ಕೆ ತಂದ ಈ ಪೊದೆಯು ಇಂದು ಈ ಬೆಟ್ಟಗಳ ಕಾಡನ್ನೆಲ್ಲ ಮುಸುಕಿ, ಹುಲ್ಲನ್ನೂ ನಾಡ ಗಿಡಗಳನ್ನೂ ಅಡಗಿಸಿಬಿಟ್ಟಿದೆ. ಮಲೆ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ ಬೆಂಗಳೂರಿನ ಏಟ್ರೀ ಸಂಶೋಧನ ಸಂಸ್ಥೆಯು ೨೦೦೪ರ ಸುಮಾರಿನಿಂದ ಸೋಲಿಗರೇ ಮೊದಲಾದವರಿಗೆ ಲಂಟಾನದ ಕಡ್ಡಿಯಿಂದ ಕುರ್ಚಿ, ಮೇಜು, ಬುಟ್ಟಿಗಳನ್ನು ಮಾಡುವ ಕಸಬನ್ನು ಕಲಿಸಲು ನೆರವಾಯಿತು. ಕಡ್ಡಿಗಳನ್ನು ನೀರಿನಲ್ಲಿ ಬೇಯಿಸಿ, ತೊಗಟೆಯನ್ನು ಸುಲಿದು, ಬಿಸಿಯಿರುವಾಗಲೇ ಬಾಗಿಸಿ ಬೆತ್ತದಂತೆ ಹೆಣೆಯುವರು. ಕಾಡಿನ ಪೀಡೆಯು ಮನೆಯ ಪೀಠವಾಗುವುದು ಸಂತೋಷದ ಸಂಗತಿ. ದುಡಿದವರಿಗೆ ಕೂಲಿಯೂ ಸಿಗುವುದು. ಆದರೆ ಲಂಟಾನದ ಎಲೆಯು ದನಗಳ ಪಿತ್ತಕೋಶವನ್ನು ಕೆಡಿಸುವ ವಿಷವುಳ್ಳದ್ದೆಂಬುದನ್ನು ದನ ಸಾಕಿದವರೆಲ್ಲರೂ ಬಲ್ಲರು. ಬೇಯಿಸಿ ಸುಲಿದ ಕಡ್ಡಿಯು ಎಲೆಯಲ್ಲವೆಂಬುದು ನಿಜವಾದರೂ, ಕೂಸು ಕಚ್ಚುವ ತೋಳು ಮತ್ತು ತಟ್ಟೆಹಲಗೆಗಳನ್ನು ಮಾತ್ರ ಬೇರೆ ಮರದಲ್ಲಿ ಮಾಡಿಸುವುದು ವಿವೇಕ. ಒರಗಿಗೂ ಕಾಲುಗಳಿಗೂ ಲಂಟಾನವು ಸಲ್ಲುವುದು.

ಪ್ಲಾಸ್ಟಿಕ್ ಕುರ್ಚಿಯ ಗುಣ ಒಂದೇ, ಆದರೆ ದೊಡ್ಡದು: ಕೊಳಾಯಿಯ ಕೆಳಗೆ ಹಿಡಿದರೆ ಶುಚಿಯಾಗುವುದು. ರಾಗಿ ಸರಿಯು ಒಣಗಿ ಗಟ್ಟಿಯಾದಾಗ ಈ ಗುಣದ ಬೆಲೆ ತಿಳಿಯುವುದು. ಬಿಸಿಲಿನಲ್ಲಿ ಬಿಟ್ಟರೆ ಅದು ಪೆಡಸಾಗಿ ಒಡೆಯುವುದು. ಸೀಳಿದ ಅಂಚು ಚಾಕುವಿನಂತೆ ಕೊಯ್ಯುವುದು. ಮೆತ್ತೆಯಿರುವ ಕುರ್ಚಿಯಾದರೆ ಮೆತ್ತೆಯು ಬಿಚ್ಚಿ ಒಗೆಯಲು ಬರುವಂತಿರಬೇಕು. ಇಲ್ಲವಾದರೆ ಅದರ ಸಂದಿನಲ್ಲಿ ಇರುವೆ, ಜಿರಳೆಗಳು ಮನೆ ಮಾಡುವುವು.

ಬಣ್ಣದ ವಿಷಯ

ಹಳೆಯ ಕುರ್ಚಿಯೊಂದು ಬಂಧುಗಳ ಮನೆಯಿಂದ ಬಂದರೆ ಸಂತೋಷವೇ. ಆದರೆ ಅದರ ಬಣ್ಣವನ್ನು ಸಂದೇಹದಿಂದ ನೋಡಬೇಕು. ಹಿಂದಿನ ಬಣ್ಣಗಳಲ್ಲಿ ಸೀಸವು ಧಾರಾಳವಾಗಿರುತ್ತಿತ್ತು. ಸೀಸವು ಶಿಶುವಿನ ಮಿದುಳಿನ ಬೆಳವಣಿಗೆಯನ್ನು ಕುಂಠಿಸುವ ವಿಷ. ಭಾರತ ಸರಕಾರವು ೨೦೧೬ರಲ್ಲಿ ನಿಯಮ ಮಾಡಿ, ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ ೯೦ ಭಾಗವನ್ನು ಮೀರಕೂಡದೆಂದು ವಿಧಿಸಿತು. ಅದು ೨೦೧೭ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕೆ ಹಿಂದಿನ ಬಣ್ಣದ ಕುರ್ಚಿಯಾದರೆ, ಅದರ ಬಣ್ಣವು ಹಕ್ಕಳೆಯೇಳುತ್ತಿದ್ದರೆ, ಕೂಸಿಗೆ ಕೊಡುವುದು ಬೇಡ. ಮನೆಯೊಳಗೆ ಅದನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸುವುದು ಇನ್ನೂ ಅಪಾಯಕರ.

ಹೊಸ ಮರಕ್ಕೆ ಬಣ್ಣವೇ ಬೇಕೆಂದೇನೂ ಇಲ್ಲ. ಶುದ್ಧವಾದ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ ಕೆಲವು ವಾರ ಒಣಗಿಸಿದರೆ ಸಾಕು. ಬೇಗ ಆರಲೆಂದು ಲೋಹದ ಲವಣಗಳನ್ನು ಬೆರೆಸಿ ಮಾರುವ ಎಣ್ಣೆಯು ಇದಕ್ಕೆ ತಕ್ಕುದಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬಾರದು. ಅದು ತಾನಾಗಿಯೇ ಕಾದು ಬೆಂಕಿ ಹತ್ತುವುದುಂಟು. ಹೊರಗೆ ಬಿಡಿಸಿ ಒಣಗಿಹಾಕಬೇಕು. ಬಣ್ಣವೇ ಬೇಕೆನ್ನುವವರಿಗೆ ಚನ್ನಪಟ್ಟಣದ ದಾರಿಯಿದೆ. ಅಲ್ಲಿಯ ಕುಶಲಿಗಳು ಹಾಲೆಮರವನ್ನು ಚರಕಿಗೆ ಕೊಟ್ಟು, ತಿರುಗುತ್ತಿರುವಾಗಲೇ ಅರಗಿನ ಬಣ್ಣವನ್ನು ಒತ್ತುವರು. ತಟ್ಟೆಹಲಗೆಯ ಮೇಲೆ ತಿರುಗುವ ನಾಲ್ಕು ಮಣಿಗಳನ್ನು ಇಂತಹ ಕೆಲಸದವರಿಂದ ಮಾಡಿಸಿ ಹಾಕಿದರೆ ಕೂಸಿಗೆ ವಿನೋದವೂ ಆಗುವುದು. ಮಣಿಯು ಕಿತ್ತು ಬಂದರೆ ಗಂಟಲಿಗೆ ಸಿಕ್ಕುವಷ್ಟು ಸಣ್ಣದಾಗಿರಬಾರದು.

ಅಂಗಡಿಯಲ್ಲಿ ಕೊಳ್ಳುವವರಿಗೆ

ಅಂಗಡಿಯ ಕುರ್ಚಿಗಳ ಬೆಲೆಯು ಒಂದೆರಡು ಸಾವಿರ ರೂಪಾಯಿಗಳಿಂದ ತೊಡಗಿ ಅನೇಕ ಸಾವಿರಗಳವರೆಗೆ ಏರುವುದು. ಬೆಲೆಯು ಏರಿದಷ್ಟೂ ಗುಣವು ಏರುವುದೆಂದು ತಿಳಿಯಬಾರದು. ಅನೇಕ ಸಲ ಏರುವುದು ಮೆತ್ತೆಯ ಚಿತ್ತಾರ ಮಾತ್ರ. ಸಾಧ್ಯವಾದರೆ ಚಾಮರಾಜನಗರಕ್ಕೋ ಮೈಸೂರಿಗೋ ಹೋದಾಗ ಕೂಸನ್ನು ಕರೆದುಕೊಂಡು ಹೋಗಿ ಕೂರಿಸಿ ನೋಡಬೇಕು. ಪಕ್ಕದಿಂದ ತಳ್ಳಿದರೆ ಕಾಲು ಎದ್ದುಬಿಡುವುದೇ? ಮಡಿಸುವ ಕುರ್ಚಿಯಾದರೆ, ಬಿಚ್ಚಿ ನಿಲ್ಲಿಸಿದ ಮೇಲೆ ಕೊಂಡಿಯು ಬಿಗಿಯಾಗಿ ಹಿಡಿದಿರುವುದೇ? ಗಾಲಿಗಳಿದ್ದರೆ ಅವನ್ನು ತಡೆಯುವ ಏರ್ಪಾಡು ಇರುವುದೇ? ತಟ್ಟೆಯು ಒಂದೇ ಕೈಯಿಂದ ತೆಗೆಯಲು ಬರುವುದೇ? ಈ ನಾಲ್ಕು ಪ್ರಶ್ನೆಗಳಿಗೆ ಹೌದಲ್ಲಗಳನ್ನು ಸರಿಯಾಗಿ ಕಂಡುಕೊಂಡ ಬಳಿಕ ಹಣವನ್ನು ಎಣಿಸಿದರಾಯಿತು.

ಕೂಸನ್ನು ಕೂರಿಸಿ ಕಾಲಿನಿಂದ ನೂಕಿಕೊಂಡು ಹೋಗಲು ಬಿಡುವ ಗಾಲಿಯ ವಾಕರನ್ನು ಕೆಲವರು ಊಟದ ಕುರ್ಚಿಯಾಗಿಯೂ ಬಳಸುವರು. ಇದು ತಪ್ಪು. ಮೆಟ್ಟಿಲಿನಿಂದ ಉರುಳುವ, ಒಲೆಯ ಬಳಿಗೆ ಓಡುವ ಅಪಾಯವನ್ನು ಕಂಡು ಕೆನಡಾ ದೇಶವು ೨೦೦೪ರಲ್ಲಿ ಇವುಗಳ ಮಾರಾಟವನ್ನೇ ನಿಷೇಧಿಸಿತು. ನಿಂತ ಕೂಸು ಹಿಡಿದು ತಳ್ಳುವ ನಮ್ಮ ಮೂರು ಗಾಲಿಯ ಮರದ ಬಂಡಿಯು ಬೇರೆ. ಅದನ್ನು ಇದರೊಡನೆ ಬೆರೆಸಬಾರದು.

ಕೂರಿಸಿದ ಮೇಲೆ

ಒಳ್ಳೆಯ ಕುರ್ಚಿಯು ಬಂದ ಮಾತ್ರಕ್ಕೆ ಎಚ್ಚರವು ಮನೆಯನ್ನು ಬಿಟ್ಟು ಹೋಗಬಾರದು. ಒಲೆ, ಬಿಸಿ ಸಾರಿನ ಪಾತ್ರೆ, ಕಿಟಕಿಯ ಪರದೆಯ ದಾರ, ಇವು ಕೂಸಿನ ಕೈಗೆಟುಕುವಲ್ಲಿ ಕುರ್ಚಿಯನ್ನು ಇಡಬಾರದು. ಗೋಡೆಗೂ ಮೇಜಿಗೂ ಕೂಸಿನ ಕಾಲು ತಾಗುವಂತೆ ಇಟ್ಟರೆ ಅದು ಒದ್ದು ಕುರ್ಚಿಯನ್ನು ಹಿಂದಕ್ಕೆ ಮಗುಚುವುದು. ಬಾಗಿಲು ತಟ್ಟಿದ ಸದ್ದಾದರೆ ಕೂಸನ್ನು ಎತ್ತಿಕೊಂಡೇ ಹೋಗಬೇಕು.

ಕುರ್ಚಿಯು ಊಟಕ್ಕೆ, ಕಟ್ಟಿಹಾಕುವುದಕ್ಕಲ್ಲ. ಒಂದೇ ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಶಿಶುವನ್ನು ಕುರ್ಚಿ, ಬಂಡಿಗಳಲ್ಲಿ ಕಟ್ಟಿ ಕೂರಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಹೇಳಿತು. ಎರಡು ವರ್ಷ ತುಂಬದ ಮಕ್ಕಳಿಗೆ ಮೊಬೈಲಿನ ಪರದೆಯೂ ಬೇಡವೆಂದು ಆ ಸಲಹೆಯಲ್ಲಿಯೇ ಇದೆ. ಪರದೆಯನ್ನು ನೋಡುತ್ತ ಬಾಯಿ ತೆರೆಯುವ ಕೂಸು ಹೆಚ್ಚು ಉಂಡಂತೆ ಕಾಣುವುದು. ಆದರೆ ಹಸಿವನ್ನೂ ತೃಪ್ತಿಯನ್ನೂ ಅರಿಯುವುದನ್ನು ಮರೆಯುವುದು.

ಕುರ್ಚಿಗಿಂತ ತಟ್ಟೆ ದೊಡ್ಡದು ಎಂಬುದನ್ನೂ ನೆನೆಯಬೇಕು. ೨೦೧೯ರಿಂದ ೨೦೨೧ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಆರರಿಂದ ಇಪ್ಪತ್ತಮೂರು ತಿಂಗಳಿನ ಭಾರತದ ಮಕ್ಕಳಲ್ಲಿ ಸಾಕಷ್ಟು ಆಹಾರ ದೊರೆಯುತ್ತಿದ್ದುದು ನೂರಕ್ಕೆ ಸುಮಾರು ಹನ್ನೊಂದು ಮಂದಿಗೆ ಮಾತ್ರ. ಮೊಳಕೆ ಕಟ್ಟಿ, ನೆರಳಿನಲ್ಲಿ ಒಣಗಿಸಿ, ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸಿದ ರಾಗಿಯ ಸರಿಯು ಒಳ್ಳೆಯದೇ. ಆದರೆ ಅದೊಂದರಿಂದಲೇ ಕೂಸು ಬೆಳೆಯ���ು. ಬೇಳೆ, ಸೊಪ್ಪು, ತುಪ್ಪ, ಬಾಳೆಹಣ್ಣು, ತಿನ್ನುವವರಾದರೆ ಮೊಟ್ಟೆ ಮೀನು, ಇವು ದಿನಕ್ಕೆ ನಾಲ್ಕಾರು ಬಗೆಯಾಗಿ ತಟ್ಟೆಗೆ ಬರಬೇಕು. ಆರು ತಿಂಗಳು ತುಂಬಿದ ಕೂಸಿಗೆ ಅಂಗನವಾಡಿಯಿಂದ ಪೂರಕ ಆಹಾರವು ಸಲ್ಲತಕ್ಕದ್ದು. ಅದನ್ನು ಪಡೆಯುವುದರಲ್ಲಿ ಸಂಕೋಚವೇಕೆ?

ಕಡಲೆಬೀಜ, ಕಾಳು, ಇಡಿಯ ದ್ರಾಕ್ಷಿ, ಕೊಬ್ಬರಿಯ ಚೂರು, ಇವನ್ನು ಕೂಸಿನ ತಟ್ಟೆಗೆ ಹಾಕಬಾರದು. ತುತ್ತು ಸಿಕ್ಕಿ ಕೂಸು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಅಳಲೂ ಕೆಮ್ಮಲೂ ಆಗದೆ ಮುಖ ನೀಲಿಗಟ್ಟಿದರೆ, ಪಟ್ಟಿಯನ್ನು ಒಡನೆಯೇ ಬಿಚ್ಚಿ, ವರ್ಷದೊಳಗಿನ ಕೂಸನ್ನು ಮುಂಗೈಯ ಮೇಲೆ ಬೋರಲಾಗಿ, ತಲೆ ತಗ್ಗಿರುವಂತೆ ಹಿಡಿದು, ಹೆಗಲ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಗಟ್ಟಿಯಾಗಿ ತಟ್ಟಬೇಕು. ಆಗಲೂ ತುತ್ತು ಹೊರಬೀಳದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುಮೂಳೆಯನ್ನು ಎರಡು ಬೆರಳಿನಿಂದ ಐದು ಸಲ ಒತ್ತಬೇಕು. ಉಸಿರಾಡುವವರೆಗೆ ಇವೆರಡನ್ನೂ ಒಂದಾದ ಮೇಲೊಂದರಂತೆ ಮಾಡುತ್ತಿರಬೇಕು. ಅಷ್ಟರಲ್ಲಿ ಇನ್ನೊಬ್ಬರು ೧೦೮ಕ್ಕೆ ಕರೆ ಮಾಡಬೇಕು. ಕಣ್ಣಿಗೆ ಕಾಣದ ತುತ್ತನ್ನು ಬೆರಳು ಹಾಕಿ ತಡಕಿದರೆ ಅದು ಇನ್ನೂ ಒಳಕ್ಕೆ ಇಳಿಯುವುದು. ಕಾಡಿನಂಚಿನ ಊರಿಗೆ ಗಾಡಿ ಬರುವವರೆಗಿನ ನಿಮಿಷಗಳು ಮನೆಯವರ ಕೈಯಲ್ಲಿಯೇ ಇರುವುವು. ಆದುದರಿಂದ ಇದನ್ನು ಮನೆಯ ಎಲ್ಲ ಹಿರಿಯರೂ ಆಶಾ ಕಾರ್ಯಕರ್ತೆಯರಿಂದಲೋ ದಾದಿಯರಿಂದಲೋ ಮುಂಚಿತವಾಗಿ ಕಲಿತಿರುವುದು ಒಳ್ಳೆಯದು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಶಿಫಾರಸು ಯಾವುದೆಂದು ಓದುಗರು ಕೇಳಬಹುದು. ನೆಲದ ಮೇಲೆ ಉಣ್ಣುವ ಮನೆಗೆ ಹಲಸಿನ ಮರದಲ್ಲೋ ಬಿದಿರಿನಲ್ಲೋ ಅಳತೆ ಕೊಟ್ಟು ಮಾಡಿಸಿದ, ಅಗಲವಾದ ತಳದ ಗಿಡ್ಡ ಕುರ್ಚಿ. ಮೇಜಿರುವ ಮನೆಗೆ, ಕಾಲಿಡಲು ಹಲಗೆಯುಳ್ಳ, ಪಟ್ಟಿಯುಳ್ಳ, ತೊಳೆಯಲು ಸುಲಭವಾದ, ಚಿತ್ತಾರವಿಲ್ಲದ ಎತ್ತರದ ಕುರ್ಚಿ. ಎರಡಕ್ಕೂ ಹಣವಿಲ್ಲದ ಮನೆಗೆ, ನೆಟ್ಟಗೆ ಕೂರಿಸಿಕೊಳ್ಳುವ ಅಜ್ಜಿಯ ತೊಡೆ. ಈ ಮೂರರಲ್ಲಿ ಯಾವುದಾದರೂ ಆಗಲಿ, ಕೂಸು ಉಣ್ಣುವ ಹೊತ್ತಿಗೆ ತಾಯಿಯೂ ಪಕ್ಕದಲ್ಲಿ ಕುಳಿತು ತನ್ನ ತಟ್ಟೆಯಿಂದ ಬಿಸಿಯಾಗಿಯೇ ಉಣ್ಣುವಂತಾದರೆ, ಆ ಮನೆಯವರು ಸರಿಯಾದುದನ್ನೇ ಆರಿಸಿದರೆಂದು ನಾವು ಹೇಳುವೆವು.